ಸಂಜೆಯ ಹಾಲು, ಸಂಜೆಯ ಕರೆಂಟು: ಸಣ್ಣ ಸಣ್ಣ ಮೂಲಗಳು ಕೂಡಿ ಗ್ರಿಡ್ ಕಾಯುವ ಬಗೆ



ಸಂಜೆ ಆರು ಗಂಟೆಯಿಂದ ಸಂಘಕ್ಕೆ ಹಾಲು ಬರಲು ಶುರುವಾಗುತ್ತದೆ. ಎಂಟರ ಹೊತ್ತಿಗೆ ಅಷ್ಟೂ ಹಾಲು ಬಿ.ಎಂ.ಸಿ. ಟ್ಯಾಂಕಿನಲ್ಲಿ ತಣ್ಣಗಾಗುತ್ತಿರಬೇಕು. ಅದೇ ಎರಡು ಗಂಟೆಯಲ್ಲಿ ಊರಿನ ಎಲ್ಲ ಮನೆಗಳಲ್ಲಿ ದೀಪ, ಟಿ.ವಿ., ಮಿಕ್ಸಿ ಚಾಲೂ ಆಗುತ್ತವೆ. ಪೇಟೆಯಲ್ಲಿ ಅಂಗಡಿಗಳ ದೀಪ ಹೊತ್ತಿಕೊಳ್ಳುತ್ತವೆ. ಆಗ ಸೂರ್ಯ ಮುಳುಗಿರುವುದರಿಂದ ಸೌರ ವಿದ್ಯುತ್ ಬರುವುದಿಲ್ಲ. ಕರೆಂಟ್ ಹೋಗಲೇಬಾರದ ಹೊತ್ತಿನಲ್ಲೇ ಅದು ಹೋಗುವ ಸಂಭವ ಹೆಚ್ಚು. ಆಗ ಸಂಘದ ಕಾರ್ಯದರ್ಶಿ ಜನರೇಟರ್ ಹಾಕುತ್ತಾರೆ, ಡೀಸೆಲ್ ಖರ್ಚು ಸಂಘದ ಲೆಕ್ಕಕ್ಕೆ ಬರುತ್ತದೆ, ಅದು ಕೊನೆಗೆ ನಮ್ಮ ಬೋನಸ್ಸಿನಲ್ಲೇ ಕಡಿಮೆಯಾಗುತ್ತದೆ.

ಇದಕ್ಕೆ ಪರಿಹಾರ ಎಂದರೆ ಇನ್ನೊಂದು ದೊಡ್ಡ ವಿದ್ಯುತ್ ಸ್ಥಾವರ ಕಟ್ಟುವುದು ಎಂದು ಬಹಳ ಜನ ತಿಳಿದಿದ್ದಾರೆ. ಅದು ಒಂದು ದಾರಿ. ಇನ್ನೊಂದು ದಾರಿಯೂ ಇದೆ. ಹಳ್ಳಿ ಹಳ್ಳಿಗೂ ಹರಡಿರುವ ಪಂಪ್‌ಸೆಟ್, ಸೌರ ಫಲಕ, ಶೀತಲೀಕರಣ ಯಂತ್ರ, ಬ್ಯಾಟರಿ, ಗೋಬರ್ ಗ್ಯಾಸ್ ಎಂಜಿನ್ ಇವೆಲ್ಲ ಯಾವ ಹೊತ್ತಿಗೆ ನಡೆಯಬೇಕು, ಯಾವ ಹೊತ್ತಿಗೆ ನಿಲ್ಲಬೇಕು ಎಂಬುದನ್ನು ಹೊಂದಿಸಿಕೊಂಡು ನಡೆಸುವ ದಾರಿ ಅದು. ಹಾಲಿನ ಸಹಕಾರ ಸಂಘ ನಡೆಸಿ ಅನುಭವ ಇರುವವರಿಗೆ ಇದು ಬೇಗ ಅರ್ಥವಾಗುವ ವಿಷಯ. ಈ ಲೇಖನದಲ್ಲಿ ಅದನ್ನು ಹಂತ ಹಂತವಾಗಿ ನೋಡೋಣ.

ಗ್ರಿಡ್ ಸಮತೋಲನ ಎಂದರೇನು?

ಹಾಲು ಹೆಚ್ಚಾದರೆ ಏನು ಮಾಡುತ್ತೇವೆ? ತಂಪು ಮಾಡಿ ಇಡುತ್ತೇವೆ. ಇನ್ನೂ ಹೆಚ್ಚಾದರೆ ಪುಡಿ, ಬೆಣ್ಣೆ, ತುಪ್ಪ ಮಾಡುತ್ತೇವೆ. ಕರೆಂಟಿಗೆ ಆ ಅನುಕೂಲ ಇಲ್ಲ. ತಂತಿಯಲ್ಲಿ ಕರೆಂಟನ್ನು ಕೂಡಿಡಲು ಆಗುವುದಿಲ್ಲ. ಈ ಕ್ಷಣ ಎಷ್ಟು ಬಳಕೆ ಇದೆಯೋ ಈ ಕ್ಷಣವೇ ಅಷ್ಟು ಉತ್ಪಾದನೆ ಆಗಬೇಕು. ಬ್ಯಾಟರಿ, ಅಣೆಕಟ್ಟಿನ ನೀರು ಮುಂತಾದ ರೂಪದಲ್ಲಿ ಮಾತ್ರ ಅದನ್ನು ಬೇರೆ ವೇಷದಲ್ಲಿ ಉಳಿಸಿಕೊಳ್ಳಬಹುದು.

ಮೇವು ಕತ್ತರಿಸುವ ಯಂತ್ರವನ್ನು ನೆನಪಿಸಿಕೊಳ್ಳಿ. ಹದವಾಗಿ ಮೇವು ಕೊಟ್ಟರೆ ಒಂದೇ ವೇಗದಲ್ಲಿ ತಿರುಗುತ್ತದೆ. ಒಮ್ಮೆಗೇ ದೊಡ್ಡ ಹೊರೆ ತುರುಕಿದರೆ ಮೋಟರ್ ಗೊರಗುಟ್ಟಿ ನಿಧಾನವಾಗುತ್ತದೆ. ವಿದ್ಯುತ್ ಸ್ಥಾವರದ ಜನರೇಟರುಗಳೂ ಹಾಗೆಯೇ. ಬಳಕೆ ಏರಿದರೆ ಅವುಗಳ ತಿರುಗುವ ವೇಗ ತುಸು ಇಳಿಯುತ್ತದೆ, ಬಳಕೆ ಇಳಿದರೆ ವೇಗ ಏರುತ್ತದೆ. ಈ ವೇಗವನ್ನೇ ಆವರ್ತನ ಎಂದು ಅಳೆಯುತ್ತಾರೆ. ನಮ್ಮ ದೇಶದಲ್ಲಿ ಅದು 50 ಹರ್ಟ್ಸ್ ಇರಬೇಕು. 49.90ರಿಂದ 50.05ರ ಒಳಗೆ ಇರಿಸಿಕೊಳ್ಳಬೇಕು ಎಂಬುದು ಗ್ರಿಡ್ ಸಂಹಿತೆಯ ನಿಯಮ. ತೀರಾ ಕುಸಿದರೆ ಸಬ್‌ಸ್ಟೇಷನ್ನಿನ ರಿಲೇಗಳು ತಾವಾಗಿಯೇ ಕೆಲವು ಫೀಡರ್‌ಗಳನ್ನು ಕಡಿದುಹಾಕುತ್ತವೆ. ಇಡೀ ಗ್ರಿಡ್ ಬೀಳದಿರಲಿ ಎಂದು ಕೆಲವರ ಕರೆಂಟ್ ತೆಗೆಯುವ ಕ್ರಮ ಅದು.

ಇಲ್ಲಿ ಒಂದು ಮಾತು. ನಮ್ಮ ಊರಿನಲ್ಲಿ ಸಂಜೆ ಬಲ್ಬು ಮಂಕಾಗುವುದು ವೋಲ್ಟೇಜ್ ಸಮಸ್ಯೆ. ಅದು ಊರಿನ ಟಿ.ಸಿ. ಮತ್ತು ತಂತಿಯ ಮೇಲಿನ ಹೊರೆಗೆ ಸೇರಿದ್ದು. ಆವರ್ತನ ಮಾತ್ರ ದೇಶಕ್ಕೆಲ್ಲ ಒಂದೇ. ದಕ್ಷಿಣ ಭಾರತದ ಗ್ರಿಡ್ 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ 765 ಕೆ.ವಿ. ಮಾರ್ಗದ ಮೂಲಕ ದೇಶದ ಉಳಿದ ಗ್ರಿಡ್‌ನೊಂದಿಗೆ ಜೋಡಣೆಯಾಯಿತು. ಅಂದಿನಿಂದ ಕಾಶ್ಮೀರದಲ್ಲಿ ತಿರುಗುವ ಟರ್ಬೈನೂ ಶರಾವತಿಯಲ್ಲಿ ತಿರುಗುವ ಟರ್ಬೈನೂ ಒಂದೇ ತಾಳಕ್ಕೆ ತಿರುಗುತ್ತಿವೆ.

ಸಮತೋಲನ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2012ರ ಜುಲೈ 30 ಮತ್ತು 31 ಸಾಕ್ಷಿ. ಎರಡನೆಯ ದಿನ ಉತ್ತರ, ಪೂರ್ವ ಮತ್ತು ಈಶಾನ್ಯ ಗ್ರಿಡ್‌ಗಳು ಬಿದ್ದು 60 ಕೋಟಿಗೂ ಹೆಚ್ಚು ಜನರ ಪ್ರದೇಶ ಕತ್ತಲಾಯಿತು. ಆಗ ನಮ್ಮ ದಕ್ಷಿಣದ ಗ್ರಿಡ್ ಬೇರೆಯಾಗಿದ್ದರಿಂದ ನಾವು ಉಳಿದುಕೊಂಡೆವು. ಈಗ ಎಲ್ಲರೂ ಒಂದೇ ಗ್ರಿಡ್ಡಿನಲ್ಲಿರುವುದರಿಂದ ಒಬ್ಬರಿಗೊಬ್ಬರು ನೆರವಾಗಲೂಬಹುದು, ಒಬ್ಬರ ತೊಂದರೆ ಇನ್ನೊಬ್ಬರಿಗೆ ತಟ್ಟಲೂಬಹುದು.

ಹಗಲು ಧಾರಾಳ, ಸಂಜೆ ಬಿಗಿ

ಮೊದಲು ಕರ್ನಾಟಕದ ಕರೆಂಟ್ ಎಂದರೆ ಮುಖ್ಯವಾಗಿ ಶರಾವತಿ, ವಾರಾಹಿ, ಕಾಳಿಯ ನೀರು ಮತ್ತು ರಾಯಚೂರಿನ ಕಲ್ಲಿದ್ದಲು. ಈಗ ಸೂರ್ಯ ಮತ್ತು ಗಾಳಿ ಸೇರಿವೆ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೌರ ಪಾರ್ಕ್ ಇದೆ. ಅಲ್ಲಿನ ಜಮೀನನ್ನು ರೈತರಿಂದ ಕೊಂಡಿಲ್ಲ, ಗುತ್ತಿಗೆಗೆ ಪಡೆದಿದ್ದಾರೆ. ಬಿಸಿಲು ಚೆನ್ನಾಗಿರುವ ಮಧ್ಯಾಹ್ನ ಈ ಪಾರ್ಕೊಂದೇ ಶರಾವತಿ ಸ್ಥಾವರದ ಪೂರ್ಣ ಸಾಮರ್ಥ್ಯಕ್ಕಿಂತ ಹೆಚ್ಚು ಕರೆಂಟ್ ಕೊಡಬಲ್ಲದು. ಶರಾವತಿಯ ಸಾಮರ್ಥ್ಯ 1,035 ಮೆಗಾವ್ಯಾಟ್.

ಆದರೆ ಬಿಸಿಲು ನಾವು ಹೇಳಿದಂತೆ ಕೇಳುವುದಿಲ್ಲ. ಮಧ್ಯಾಹ್ನ ಹೆಚ್ಚಿರುತ್ತದೆ, ಐದರ ನಂತರ ಬೇಗ ಇಳಿಯುತ್ತದೆ, ಆರೂವರೆಗೆ ಇಲ್ಲವೇ ಇಲ್ಲ. ಸರಿಯಾಗಿ ಆಗಲೇ ಬಳಕೆ ಏರುತ್ತದೆ. ಬೆಂಗಳೂರಿನ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರದಲ್ಲಿ ಕುಳಿತವರು ಆ ಒಂದೆರಡು ಗಂಟೆಯಲ್ಲಿ ಜಲವಿದ್ಯುತ್ ಘಟಕಗಳನ್ನು ಏರಿಸಿ, ಕಲ್ಲಿದ್ದಲು ಘಟಕಗಳ ಉತ್ಪಾದನೆ ಹೆಚ್ಚಿಸಿ, ಸಾಲದಿದ್ದರೆ ಹೊರಗಿನಿಂದ ಕೊಂಡು ಸರಿದೂಗಿಸಬೇಕು. ನೀರಿನ ಘಟಕ ಕೆಲವೇ ನಿಮಿಷಗಳಲ್ಲಿ ಏರುತ್ತದೆ. ತಣ್ಣಗಾದ ಕಲ್ಲಿದ್ದಲು ಘಟಕ ಚಾಲೂ ಆಗಲು ಹಲವು ಗಂಟೆ ಬೇಕು. ಬೇಸಿಗೆಯಲ್ಲಿ ಜಲಾಶಯದ ನೀರನ್ನೂ ಲೆಕ್ಕ ಹಾಕಿ ಬಿಡಬೇಕು. ಸಂಜೆಯ ಕರೆಂಟ್ ದುಬಾರಿಯಾಗುವುದು ಈ ಕಾರಣಕ್ಕೆ.

ಇಷ್ಟು ದಿನ ಬಳಕೆ ಹೇಗೆ ಬದಲಾದರೂ ಉತ್ಪಾದನೆ ಅದರ ಹಿಂದೆ ಓಡುತ್ತಿತ್ತು. ಈಗ ಬಳಕೆಯಲ್ಲಿ ಸರಿಸಬಹುದಾದ ಭಾಗವನ್ನು ಉತ್ಪಾದನೆ ಇರುವ ಹೊತ್ತಿಗೆ ಸರಿಸುವ ಕಾಲ ಬಂದಿದೆ.

ಪಂಪ್‌ಸೆಟ್ ಕಲಿಸಿದ ಪಾಠ

ಸರಿಸುವ ಕೆಲಸ ನಮಗೆ ಹೊಸದಲ್ಲ. ಕರ್ನಾಟಕದಲ್ಲಿ 30 ಲಕ್ಷಕ್ಕೂ ಹೆಚ್ಚು ನೀರಾವರಿ ಪಂಪ್‌ಸೆಟ್‌ಗಳಿವೆ. ಅವುಗಳಿಗೆ ದಿನಕ್ಕೆ 7 ಗಂಟೆ ತ್ರೀಫೇಸ್ ಕೊಡುವ ಪದ್ಧತಿ ಇದೆ. ನಿರಂತರ ಜ್ಯೋತಿ ಯೋಜನೆಯಲ್ಲಿ ಮನೆಗಳ ಫೀಡರ್ ಮತ್ತು ಪಂಪ್‌ಸೆಟ್ ಫೀಡರ್ ಬೇರೆಯಾದ ಮೇಲೆ ಈ ಬ್ಯಾಚುಗಳನ್ನು ಸರಿಸುವುದು ಸುಲಭವಾಯಿತು. ಸೌರ ವಿದ್ಯುತ್ ಹೆಚ್ಚಾದ ಮೇಲೆ ಹಲವು ಕಡೆ ರಾತ್ರಿಯ ಬ್ಯಾಚು ಹಗಲಿಗೆ ಬಂದಿದೆ. ರಾತ್ರಿ ಹಾವು, ಚಿರತೆಯ ಭಯದಲ್ಲಿ ಟಾರ್ಚ್ ಹಿಡಿದು ಮೋಟರ್ ಹಾಕಲು ಹೋಗುತ್ತಿದ್ದ ರೈತನಿಗೆ ಅದರಿಂದ ಅನುಕೂಲ, ಗ್ರಿಡ್ಡಿಗೂ ಅನುಕೂಲ.

ಲೆಕ್ಕ ಹಾಕಿ ನೋಡಿ. ಒಂದು 5 ಎಚ್.ಪಿ. ಮೋಟರ್ ಎಂದರೆ ಸುಮಾರು 3.7 ಕಿಲೋವ್ಯಾಟ್. ಒಂದು ಮೋಟರ್ ನಿಂತರೆ ಗ್ರಿಡ್ಡಿಗೆ ಗೊತ್ತೇ ಆಗುವುದಿಲ್ಲ. ಒಂದು ಲಕ್ಷ ಮೋಟರ್ ಒಟ್ಟಿಗೆ ನಿಂತರೆ 370 ಮೆಗಾವ್ಯಾಟ್ ಉಳಿಯುತ್ತದೆ. ಶರಾವತಿಯ ಒಂದು ಘಟಕ 103.5 ಮೆಗಾವ್ಯಾಟ್. ಅಂದರೆ ಮೂರೂವರೆ ಘಟಕ ಹೊಸದಾಗಿ ಚಾಲೂ ಮಾಡಿದಷ್ಟು.

ಹೊಂದಾಣಿಕೆ ಇಲ್ಲದಿದ್ದರೆ ಇದೇ ಶಕ್ತಿ ಹಾನಿ ಮಾಡುತ್ತದೆ. ಬಹಳ ರೈತರು ಪಂಪಿಗೆ ಆಟೋ ಸ್ಟಾರ್ಟರ್ ಹಾಕಿಸಿದ್ದಾರೆ. ತ್ರೀಫೇಸ್ ಬಂದ ಕೂಡಲೇ ಒಂದೇ ಟಿ.ಸಿ.ಯ ಎಲ್ಲ ಮೋಟರುಗಳೂ ಒಮ್ಮೆಗೇ ಎದ್ದು ಕೂರುತ್ತವೆ. ಸ್ಟಾರ್ಟ್ ಆಗುವ ಕ್ಷಣದಲ್ಲಿ ಮೋಟರ್ ತನ್ನ ಮಾಮೂಲಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಟಿ.ಸಿ. ಸುಡುವುದಕ್ಕೆ ಇದೂ ಒಂದು ಕಾರಣ. ಟಿ.ಸಿ. ಸುಟ್ಟರೆ ವಾರಗಟ್ಟಲೆ ಕಾಯುವ ಕಷ್ಟ ಎಲ್ಲರಿಗೂ ಗೊತ್ತು. ಒಬ್ಬೊಬ್ಬರ ಸ್ಟಾರ್ಟರಿನಲ್ಲಿ ಒಂದೊಂದು ನಿಮಿಷ ತಡವಾಗಿ ಶುರುವಾಗುವಂತೆ ಟೈಮರ್ ಇಟ್ಟುಕೊಂಡರೆ ಯಾರ ನೀರೂ ಕಡಿಮೆಯಾಗುವುದಿಲ್ಲ, ಟಿ.ಸಿ. ಉಳಿಯುತ್ತದೆ. ಗ್ರಿಡ್ ಸಮತೋಲನದ ಇಡೀ ವಿಷಯ ಇಷ್ಟರಲ್ಲೇ ಅಡಗಿದೆ.

ದೊಡ್ಡ ಮಟ್ಟದಲ್ಲಿ ಇದನ್ನು ದೇಶವೇ ಕಂಡದ್ದು 2020ರ ಏಪ್ರಿಲ್ 5ರಂದು. ಕೊರೊನಾ ಕಾಲದಲ್ಲಿ ಪ್ರಧಾನಿಯವರ ಕರೆಯಂತೆ ರಾತ್ರಿ 9 ಗಂಟೆಗೆ 9 ನಿಮಿಷ ಮನೆಗಳ ದೀಪ ಆರಿಸಿದೆವು. ನಾವು ಆರಿಸಿದ್ದು ಒಂದೆರಡು ಬಲ್ಬು. ಆದರೆ ದೇಶದ ಬೇಡಿಕೆ ಕೆಲವೇ ನಿಮಿಷಗಳಲ್ಲಿ ಸುಮಾರು 31,000 ಮೆಗಾವ್ಯಾಟ್ ಇಳಿಯಿತು, ಆಮೇಲೆ ಅಷ್ಟೇ ಬೇಗ ಏರಿತು. ಮುಂಚೆಯೇ ಗೊತ್ತಿದ್ದರಿಂದ ಲೋಡ್ ಡಿಸ್ಪ್ಯಾಚ್ ಕೇಂದ್ರಗಳು ಸಿದ್ಧವಾಗಿದ್ದವು. ಮುಖ್ಯವಾಗಿ ಜಲವಿದ್ಯುತ್ತನ್ನು ಇಳಿಸಿ ಏರಿಸಿ ಗ್ರಿಡ್ ಉಳಿಸಿಕೊಂಡವು. ಒಂದು ಬಲ್ಬಿಗೆ ಬೆಲೆ ಇಲ್ಲದಿರಬಹುದು, ಕೋಟಿ ಬಲ್ಬುಗಳು ಒಂದೇ ಹೊತ್ತಿಗೆ ಆರಿದರೆ ಅದರ ಭಾರ ಎಷ್ಟು ಎಂದು ಅಂದು ತಿಳಿಯಿತು.

ಹಾಲಿನ ಸಂಘದ ಲೆಕ್ಕವೇ ಇಲ್ಲೂ

ಎರಡು ಲೀಟರ್ ಹಾಲು ಹಿಡಿದು ನೇರವಾಗಿ ಡೇರಿಗೆ ಹೋದರೆ ಯಾರೂ ಕೊಳ್ಳುವುದಿಲ್ಲ. ಅದೇ ಎರಡು ಲೀಟರ್ ಸಂಘಕ್ಕೆ ಬಂದರೆ ಅಳತೆಯಾಗುತ್ತದೆ, ಫ್ಯಾಟ್ ಮತ್ತು ಎಸ್.ಎನ್.ಎಫ್. ನೋಡುತ್ತಾರೆ, ಪುಸ್ತಕಕ್ಕೆ ಏರುತ್ತದೆ, ನೂರಾರು ಜನರ ಹಾಲಿನ ಜೊತೆ ಸೇರಿ ಟ್ಯಾಂಕರಿನಲ್ಲಿ ಹೋಗುತ್ತದೆ. ಹಣ ಅವರವರ ಖಾತೆಗೆ ಬರುತ್ತದೆ.

ವಿದ್ಯುತ್ತಿನಲ್ಲೂ ಈಗ ಅಂಥದೇ ವ್ಯವಸ್ಥೆ ಬರುತ್ತಿದೆ. ಚದುರಿಹೋಗಿರುವ ಸಣ್ಣ ಉತ್ಪಾದಕರನ್ನೂ, ಬಳಕೆಯನ್ನು ಹಿಂದೆ ಮುಂದೆ ಸರಿಸಬಲ್ಲವರನ್ನೂ ಮೊಬೈಲ್ ಜಾಲದ ಮೂಲಕ ಜೋಡಿಸಿ ಒಂದು ದೊಡ್ಡ ಸ್ಥಾವರದಂತೆ ನಡೆಸುತ್ತಾರೆ. ಇದಕ್ಕೆ ವರ್ಚುವಲ್ ಪವರ್ ಪ್ಲಾಂಟ್ ಎಂದು ಹೆಸರು. ಕಣ್ಣಿಗೆ ಕಾಣುವ ಚಿಮಣಿ, ಅಣೆಕಟ್ಟು ಯಾವುದೂ ಇಲ್ಲದ ಸ್ಥಾವರ ಇದು. ಇದಕ್ಕೆ ಬೇಕಾದ್ದು ಮೂರು. ಯಾವ ಹೊತ್ತಿಗೆ ಎಷ್ಟು ಕರೆಂಟ್ ಹರಿಯಿತು ಎಂದು ಬರೆದಿಡುವ ಮೀಟರ್. ದೂರದಿಂದ ಯಂತ್ರವನ್ನು ಏರಿಸಿ ಇಳಿಸುವ ಸಣ್ಣ ಪೆಟ್ಟಿಗೆ. ಮತ್ತು ಯಾರಿಗೆ ಎಷ್ಟು ಹಣ ಎಂಬ ಒಪ್ಪಂದ. ಮೊದಲ ಎರಡು ಯಂತ್ರದ ಕೆಲಸ. ಮೂರನೆಯದು ವಿಶ್ವಾಸದ ಕೆಲಸ. ಅದು ಸರಿಯಾಗಿಲ್ಲದಿದ್ದರೆ ಮೊದಲೆರಡು ಇದ್ದೂ ಪ್ರಯೋಜನವಿಲ್ಲ.

ಜರ್ಮನಿಯ ಗೋಬರ್ ಗ್ಯಾಸ್ ರೈತರು

ಇದು ಪಶುಪಾಲಕರಿಗೆ ಎಷ್ಟು ಹತ್ತಿರದ ವಿಷಯ ಎಂಬುದಕ್ಕೆ ಜರ್ಮನಿಯನ್ನು ನೋಡಬಹುದು. ಅಲ್ಲಿ 9,000ಕ್ಕೂ ಹೆಚ್ಚು ಬಯೋಗ್ಯಾಸ್ ಘಟಕಗಳಿವೆ. ಹೆಚ್ಚಿನವು ರೈತರ ಜಮೀನಿನಲ್ಲಿ, ಸಗಣಿ ಗಂಜಲ ಮತ್ತು ಮೆಕ್ಕೆಜೋಳದ ಸೈಲೇಜ್ ಹಾಕಿ ನಡೆಯುವಂಥವು. ನಮ್ಮ ಹಿತ್ತಲಿನ ಗೋಬರ್ ಗ್ಯಾಸ್ ಅಡುಗೆ ಒಲೆಗೆ ಸಾಕಾಗುವಷ್ಟು. ಅಲ್ಲಿನವು ನೂರಾರು ಕಿಲೋವ್ಯಾಟ್ ಎಂಜಿನ್ ಓಡಿಸುವಷ್ಟು ದೊಡ್ಡವು.

ಮೊದಲು ಆ ಎಂಜಿನ್ನುಗಳು ಹಗಲೂ ರಾತ್ರಿ ಒಂದೇ ಸಮ ಓಡುತ್ತಿದ್ದವು. ಸೌರ ವಿದ್ಯುತ್ ಹೆಚ್ಚಾದ ಮೇಲೆ ಮಧ್ಯಾಹ್ನ ಕರೆಂಟ್ ಬೇಕಿಲ್ಲದಂತಾಯಿತು. ಆಗ 2012ರಿಂದ ಸರ್ಕಾರ, ಬೇಕಾದ ಹೊತ್ತಿಗೆ ಮಾತ್ರ ಓಡುವಂತೆ ಘಟಕ ಬದಲಿಸಿಕೊಂಡವರಿಗೆ ಪ್ರತ್ಯೇಕ ಪ್ರೋತ್ಸಾಹಧನ ಕೊಡಲಾರಂಭಿಸಿತು. ರೈತರು ಗ್ಯಾಸ್ ಕೂಡಿಡುವ ಗುಮ್ಮಟ ದೊಡ್ಡದು ಮಾಡಿಕೊಂಡರು, ದೊಡ್ಡ ಎಂಜಿನ್ ಹಾಕಿಕೊಂಡರು. ಬಿಸಿಲಿನ ಹೊತ್ತಿನಲ್ಲಿ ಎಂಜಿನ್ ನಿಲ್ಲಿಸಿ ಗ್ಯಾಸ್ ಉಳಿಸುವುದು, ಸಂಜೆ ಜೋರಾಗಿ ಓಡಿಸುವುದು. ಸಗಣಿ ಅಷ್ಟೇ, ಗ್ಯಾಸ್ ಅಷ್ಟೇ, ಹೊತ್ತು ಮಾತ್ರ ಬದಲಾಯಿತು. ಹೊತ್ತು ಬದಲಾದದ್ದಕ್ಕೆ ಹೆಚ್ಚಿನ ಹಣ ಬಂತು.

ಇಂಥ ಸಾವಿರಾರು ಘಟಕಗಳನ್ನು ಜೋಡಿಸಿ ನಡೆಸುವ ಕಂಪನಿಗಳಲ್ಲಿ ಕಲೋನ್ ನಗರದಲ್ಲಿ 2009ರಲ್ಲಿ ಶುರುವಾದ ನೆಕ್ಸ್ಟ್ ಕ್ರಾಫ್ಟ್‌ವೆರ್ಕೆ ಪ್ರಮುಖವಾದುದು. ಗ್ರಿಡ್ ನಡೆಸುವವರಿಂದ ಸೂಚನೆ ಬಂದರೆ ಅದರ ಕೇಂದ್ರದಿಂದ ಸಂದೇಶ ಹೋಗಿ ರೈತರ ಎಂಜಿನ್ನುಗಳು ಕೆಲವೇ ನಿಮಿಷಗಳಲ್ಲಿ ಏರುತ್ತವೆ ಅಥವಾ ಇಳಿಯುತ್ತವೆ. ಎಷ್ಟು ಇಳಿಸಬಹುದು, ಯಾವಾಗ ಇಳಿಸಬಾರದು ಎಂಬುದನ್ನು ರೈತ ಮುಂಚೆಯೇ ಹೇಳಿರುತ್ತಾನೆ. ಬಂದ ಹಣದಲ್ಲಿ ಕಂಪನಿಗೂ ಪಾಲು, ರೈತನಿಗೂ ಪಾಲು. 2021ರಲ್ಲಿ ಈ ಕಂಪನಿಯನ್ನು ಶೆಲ್ ಎಂಬ ದೊಡ್ಡ ತೈಲ ಕಂಪನಿ ಕೊಂಡುಕೊಂಡಿತು. ಸಣ್ಣವರನ್ನು ಕೂಡಿಸುವ ಕೆಲಸಕ್ಕೆ ಎಷ್ಟು ಬೆಲೆ ಇದೆ ಎಂಬುದು ಇದರಿಂದಲೇ ತಿಳಿಯುತ್ತದೆ. ಕೂಡಿಸುವವರು ಯಾರು ಎಂಬ ಪ್ರಶ್ನೆಯೂ ಇದರಿಂದಲೇ ಹುಟ್ಟುತ್ತದೆ.

ಧುಂಡಿಯ ಸೌರ ಸಹಕಾರ ಸಂಘ

ಆ ಪ್ರಶ್ನೆಗೆ ಒಂದು ಉತ್ತರ ಹಾಲಿನ ಸಹಕಾರ ಚಳವಳಿ ಹುಟ್ಟಿದ ಗುಜರಾತಿನ ಖೇಡಾ ಜಿಲ್ಲೆಯಲ್ಲೇ ಸಿಗುತ್ತದೆ. ಅಲ್ಲಿನ ಧುಂಡಿ ಎಂಬ ಹಳ್ಳಿಯಲ್ಲಿ 2016ರಲ್ಲಿ ಆರು ಜನ ರೈತರು ಸೇರಿ ಸೌರ ಪಂಪ್ ನೀರಾವರಿ ಸಹಕಾರ ಸಂಘ ಕಟ್ಟಿದರು. ಅಂತರರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆ ಅವರಿಗೆ ನೆರವಾಯಿತು. ಅದಕ್ಕೆ ಮುಂಚೆ ಅವರು ಡೀಸೆಲ್ ಪಂಪ್ ಬಳಸುತ್ತಿದ್ದರು.

ಅವರ ಕ್ರಮ ಸರಳ. ಪ್ರತಿ ರೈತನ ಹೊಲದಲ್ಲಿ ಸೌರ ಫಲಕ ಮತ್ತು ಪಂಪ್. ನೀರು ಬೇಕಾದಾಗ ಪಂಪ್ ಓಡುತ್ತದೆ. ಬೇಡದಾಗ ಕರೆಂಟ್ ಸಂಘದ ತಂತಿಯ ಮೂಲಕ ಒಂದೇ ಕಡೆ ಗ್ರಿಡ್ಡಿಗೆ ಹೋಗುತ್ತದೆ. ವಿದ್ಯುತ್ ಕಂಪನಿ ಆರು ಜನರ ಜೊತೆ ಆರು ಲೆಕ್ಕ ಇಡಬೇಕಿಲ್ಲ, ಸಂಘದ ಒಂದು ಮೀಟರ್ ನೋಡಿ ಸಂಘಕ್ಕೆ ಹಣ ಕೊಡುತ್ತದೆ. ಸಂಘ ಪ್ರತಿ ರೈತನ ಮೀಟರ್ ನೋಡಿ ಹಂಚುತ್ತದೆ. ಯೂನಿಟ್ಟಿಗೆ 4 ರೂಪಾಯಿ 63 ಪೈಸೆಯಂತೆ 25 ವರ್ಷದ ಖರೀದಿ ಒಪ್ಪಂದ ಆಯಿತು. ಅದಕ್ಕೆ ಪ್ರತಿಯಾಗಿ ರೈತರು ಸಬ್ಸಿಡಿ ದರದ ವಿದ್ಯುತ್ ಸಂಪರ್ಕ ಕೇಳುವ ಹಕ್ಕನ್ನು ಬಿಟ್ಟುಕೊಟ್ಟರು.

ಕರೆಂಟಿಗೂ ಬೆಲೆ ಸಿಗುವುದರಿಂದ ಸುಮ್ಮನೆ ಪಂಪ್ ಓಡಿಸಿ ನೀರು ಪೋಲು ಮಾಡುವುದಕ್ಕಿಂತ ಪಂಪ್ ನಿಲ್ಲಿಸಿ ಕರೆಂಟ್ ಮಾರುವುದು ಲಾಭ ಎನಿಸುತ್ತದೆ. ಅಂತರ್ಜಲ ಉಳಿಸಲು ಅದು ಪ್ರೇರಣೆ. ಇದೇ ಮಾದರಿಯಲ್ಲಿ ಆಣಂದ್ ಜಿಲ್ಲೆಯ ಮುಜ್ಕುವಾ ಗ್ರಾಮದಲ್ಲಿ ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿಯ ನೆರವಿನಿಂದ ಸೌರ ಸಹಕಾರ ಸಂಘ ಬಂದಿದೆ. ನಮ್ಮ ರಾಜ್ಯದಲ್ಲೂ ಪಿಎಂ-ಕುಸುಮ್ ಯೋಜನೆಯ ಸಿ ವಿಭಾಗದಲ್ಲಿ ಸಬ್‌ಸ್ಟೇಷನ್ ಹತ್ತಿರವೇ ಸೌರ ಘಟಕ ಹಾಕಿ ಪಂಪ್‌ಸೆಟ್ ಫೀಡರಿಗೆ ಹಗಲು ಕರೆಂಟ್ ಕೊಡುವ ಕೆಲಸ ನಡೆದಿದೆ.

ನಮ್ಮ ಬಿ.ಎಂ.ಸಿ. ಏನು ಮಾಡಬಲ್ಲದು?

ಈಗ ನಮ್ಮ ಸಂಘದ ಒಳಗೆ ಬರೋಣ. ಒಂದು ವಿಷಯದಲ್ಲಿ ರಾಜಿ ಇಲ್ಲ. ಕರೆದ ಹಾಲು ಸುಮಾರು 35 ಡಿಗ್ರಿ ಇರುತ್ತದೆ. ಆ ಶಾಖದಲ್ಲಿ ಬ್ಯಾಕ್ಟೀರಿಯಾ ಅರ್ಧ ಗಂಟೆಗೊಮ್ಮೆ ದುಪ್ಪಟ್ಟಾಗಬಲ್ಲವು. ಬಂದ ಹಾಲನ್ನು ಆದಷ್ಟು ಬೇಗ 4 ಡಿಗ್ರಿಗೆ ಇಳಿಸಲೇಬೇಕು. ಗ್ರಿಡ್ಡಿಗೆ ಸಹಾಯವಾಗಲಿ ಎಂದು ಹಾಲು ತಣ್ಣಗಾಗುವುದನ್ನು ಒಂದು ನಿಮಿಷವೂ ಮುಂದೂಡಬಾರದು.

ಆದರೆ ತಂಪನ್ನು ಮುಂಚೆಯೇ ಮಾಡಿಡಬಹುದು. ಕರೆಂಟ್ ಕೂಡಿಡುವುದು ಕಷ್ಟ, ತಂಪು ಕೂಡಿಡುವುದು ಸುಲಭ. ದೊಡ್ಡ ಶೀತಲೀಕರಣ ಕೇಂದ್ರಗಳಲ್ಲಿ ಐಸ್ ಬ್ಯಾಂಕ್ ಇರುವುದು ಇದಕ್ಕೇ. ಹಗಲು ಕಂಪ್ರೆಸರ್ ಓಡಿಸಿ ನೀರನ್ನು ಮಂಜುಗಡ್ಡೆ ಮಾಡಿಟ್ಟರೆ ಸಂಜೆ ಆ ತಣ್ಣೀರನ್ನು ಹರಿಸಿ ಹಾಲು ತಂಪು ಮಾಡಬಹುದು. ಆಗ ಬೇಕಾಗುವುದು ನೀರು ಹರಿಸುವ ಸಣ್ಣ ಪಂಪಿಗೆ ಮತ್ತು ಹಾಲು ಕದಡುವ ಮೋಟರಿಗೆ ಸಾಕಾಗುವಷ್ಟು ಕರೆಂಟ್ ಮಾತ್ರ.

1,000 ಲೀಟರ್ ಹಾಲಿನ ಲೆಕ್ಕ ಹೀಗಿದೆ. 35 ಡಿಗ್ರಿಯಿಂದ 4 ಡಿಗ್ರಿಗೆ ಇಳಿಸಲು ಸುಮಾರು 35 ಯೂನಿಟ್‌ನಷ್ಟು ಶಾಖ ಹೊರತೆಗೆಯಬೇಕು. ಕಂಪ್ರೆಸರ್ ಒಂದು ಯೂನಿಟ್ ಕರೆಂಟಿನಲ್ಲಿ ಎರಡೂವರೆ, ಮೂರು ಯೂನಿಟ್ ಶಾಖ ತೆಗೆಯುವುದರಿಂದ 12ರಿಂದ 15 ಯೂನಿಟ್ ಕರೆಂಟ್ ಬೇಕು. ಇದೇ ಕೆಲಸವನ್ನು ಮಂಜುಗಡ್ಡೆಯಿಂದ ಮಾಡಲು ಸುಮಾರು 375 ಕೆ.ಜಿ. ಮಂಜು ಬೇಕು. ಮಂಜು ಮಾಡುವಾಗ ಯಂತ್ರ ಇನ್ನೂ ತಣ್ಣಗೆ ಕೆಲಸ ಮಾಡಬೇಕಾಗುವುದರಿಂದ ಕರೆಂಟ್ ತುಸು ಹೆಚ್ಚು, 18 ಯೂನಿಟ್ ಎಂದು ಹಿಡಿಯೋಣ.

ಇನ್ನು ಹಣ. ಯೂನಿಟ್ಟಿಗೆ 8 ರೂಪಾಯಿ ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ 15 ಯೂನಿಟ್ಟಿಗೆ 120 ರೂಪಾಯಿ. ಸಂಜೆ ಕರೆಂಟ್ ಹೋಗಿ ಜನರೇಟರಿನಲ್ಲೇ ತಂಪು ಮಾಡಬೇಕಾದರೆ, ಸಣ್ಣ ಜನರೇಟರ್ ಒಂದು ಲೀಟರ್ ಡೀಸೆಲ್ಲಿಗೆ ಸುಮಾರು 3 ಯೂನಿಟ್ ಕೊಡುತ್ತದೆ, 15 ಯೂನಿಟ್ಟಿಗೆ 5 ಲೀಟರ್. ಲೀಟರಿಗೆ 90 ರೂಪಾಯಿಯಂತೆ 450 ರೂಪಾಯಿ. ಒಂದು ಸಂಜೆಗೆ ಮೂರೂವರೆ ಪಟ್ಟಿಗೂ ಹೆಚ್ಚು. ತಂಪು ಕೂಡಿಟ್ಟ ಸಂಘಕ್ಕೆ ಈ ಖರ್ಚು ಇಲ್ಲ. ಹಾಲು ಕೆಡುವ ಭಯವೂ ಕಡಿಮೆ. ಇದೇ ಅದರ ದೊಡ್ಡ ಲಾಭ.

ಗ್ರಿಡ್ಡಿನ ಲಾಭ ನೋಡಿ. ಒಂದು ಬಿ.ಎಂ.ಸಿ. ಕಂಪ್ರೆಸರ್ 8 ಕಿಲೋವ್ಯಾಟ್ ಎಂದರೆ ಇಂಥ ಸಾವಿರ ಬಿ.ಎಂ.ಸಿ.ಗಳು ಸಂಜೆಯ ಬದಲು ಹಗಲು ಓಡಿದರೆ ಸಂಜೆಯ ಬೇಡಿಕೆಯಲ್ಲಿ 8 ಮೆಗಾವ್ಯಾಟ್ ಇಳಿಯುತ್ತದೆ. ರಾಜ್ಯದ ಲೆಕ್ಕದಲ್ಲಿ ಇದು ಸಣ್ಣದು. ಆದರೆ ಹಳ್ಳಿಯ ಫೀಡರಿನ ಲೆಕ್ಕದಲ್ಲಿ ಇದು ದೊಡ್ಡದು. ಊರಿನ ಟಿ.ಸಿ.ಯ ಮೇಲೆ ಸಂಜೆಯ ಹೊತ್ತು ಬೀಳುವ ಅತಿ ದೊಡ್ಡ ಹೊರೆಗಳಲ್ಲಿ ನಮ್ಮ ಬಿ.ಎಂ.ಸಿ.ಯೂ ಒಂದು.

ಈಗಿರುವ ಎಲ್ಲ ಬಿ.ಎಂ.ಸಿ.ಗಳಲ್ಲಿ ಐಸ್ ಬ್ಯಾಂಕ್ ಇಲ್ಲ. ಹೆಚ್ಚಿನವು ಟ್ಯಾಂಕಿನ ತಳವನ್ನೇ ನೇರವಾಗಿ ತಂಪು ಮಾಡುವಂಥವು. ಅವುಗಳಿಗೆ ಪ್ರತ್ಯೇಕವಾಗಿ ತಂಪು ಸಂಗ್ರಹ ಘಟಕ ಜೋಡಿಸಬೇಕು. ಹಳೆಯ ಯಂತ್ರ ಬದಲಿಸುವ ಸಮಯ ಬಂದಾಗ ಈ ವಿಚಾರವನ್ನು ಆಡಳಿತ ಮಂಡಳಿ ಸಭೆಯಲ್ಲಿ ಇಟ್ಟು, ಡೀಸೆಲ್ ಉಳಿತಾಯದ ಜೊತೆ ವೆಚ್ಚ ತೂಗಿ ನೋಡುವುದು ಒಳ್ಳೆಯದು.

ಹೊತ್ತಿಗೆ ತಕ್ಕ ದರ ಬರುತ್ತಿದೆ

ಕೇಂದ್ರ ಸರ್ಕಾರ 2023ರಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ ತಿದ್ದುಪಡಿ ತಂದಿದೆ. ಅದರ ಪ್ರಕಾರ ಬಿಸಿಲಿರುವ ಗಂಟೆಗಳಲ್ಲಿ ದರ ಸಾಮಾನ್ಯ ದರಕ್ಕಿಂತ ಕನಿಷ್ಠ ಶೇ. 20 ಕಡಿಮೆ ಇರಬೇಕು. ಬೇಡಿಕೆ ಹೆಚ್ಚಿರುವ ಗಂಟೆಗಳಲ್ಲಿ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ಕನಿಷ್ಠ ಶೇ. 20, ಉಳಿದವರಿಗೆ ಕನಿಷ್ಠ ಶೇ. 10 ಹೆಚ್ಚು. 10 ಕಿಲೋವ್ಯಾಟ್ ಮೀರಿದ ವಾಣಿಜ್ಯ, ಕೈಗಾರಿಕಾ ಸಂಪರ್ಕಗಳಿಗೆ 2024ರ ಏಪ್ರಿಲ್ 1ರಿಂದ, ಕೃಷಿ ಬಿಟ್ಟು ಉಳಿದವರಿಗೆ 2025ರ ಏಪ್ರಿಲ್ 1ರಿಂದ ಎಂದು ನಿಯಮ ಹೇಳುತ್ತದೆ. ಸ್ಮಾರ್ಟ್ ಮೀಟರ್ ಇದ್ದಲ್ಲಿ ಮಾತ್ರ ಇದು ನಡೆಯುತ್ತದೆ. ಯಾವ ಗಂಟೆ, ಎಷ್ಟು ದರ ಎಂಬುದನ್ನು ನಮ್ಮಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗದ ಆದೇಶ ತೀರ್ಮಾನಿಸುತ್ತದೆ. ಆದ್ದರಿಂದ ಬಿ.ಎಂ.ಸಿ. ಸಂಪರ್ಕ ಯಾವ ದರ ವರ್ಗದಲ್ಲಿದೆ ಎಂದು ಬಿಲ್ಲಿನಲ್ಲಿ ನೋಡಿಕೊಳ್ಳಿ.

ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ, ಸಂಜೆ ಶೇ. 20 ಹೆಚ್ಚು ದರದಲ್ಲಿ 15 ಯೂನಿಟ್ಟಿಗೆ 144 ರೂಪಾಯಿ. ಹಗಲು ಶೇ. 20 ಕಡಿಮೆ ದರದಲ್ಲಿ ಮಂಜು ಮಾಡಲು 18 ಯೂನಿಟ್ಟಿಗೆ ಸುಮಾರು 115 ರೂಪಾಯಿ. ಯೂನಿಟ್ ಹೆಚ್ಚು ಸುಟ್ಟರೂ ಬಿಲ್ಲು ಕಡಿಮೆ. ದಿನಕ್ಕೆ 29 ರೂಪಾಯಿ, ತಿಂಗಳಿಗೆ 870 ರೂಪಾಯಿ ಉಳಿತಾಯ. ಇದೊಂದರಿಂದಲೇ ಯಂತ್ರದ ಬೆಲೆ ತೀರುವುದಿಲ್ಲ. ಡೀಸೆಲ್ ಉಳಿತಾಯ ಸೇರಿದಾಗ ಮಾತ್ರ ಲೆಕ್ಕ ಕೂಡುತ್ತದೆ.

ಸಂಘಗಳು ಮತ್ತು ಉತ್ಪಾದಕರು ಈಗಲೇ ಮಾಡಬಹುದಾದದ್ದು

1. ಒಂದು ತಿಂಗಳು ಬಿ.ಎಂ.ಸಿ. ಪುಸ್ತಕದಲ್ಲಿ ಕರೆಂಟ್ ಹೋದ ಹೊತ್ತು, ಬಂದ ಹೊತ್ತು, ಜನರೇಟರ್ ಓಡಿದ ಗಂಟೆ, ಸುಟ್ಟ ಡೀಸೆಲ್ ಬರೆಯಿರಿ. ಈ ಲೆಕ್ಕ ಇಲ್ಲದೆ ಯಾವ ತೀರ್ಮಾನವೂ ಸರಿಯಾಗುವುದಿಲ್ಲ.

2. ಮುಂದೂಡಬಹುದಾದ ಕೆಲಸಗಳನ್ನು ಸಂಜೆ 6ರಿಂದ 10ರ ಒಳಗೆ ಇಟ್ಟುಕೊಳ್ಳಬೇಡಿ. ಟ್ಯಾಂಕ್ ತೊಳೆಯುವ ಬಿಸಿನೀರು, ನೀರಿನ ಟ್ಯಾಂಕ್ ತುಂಬಿಸುವುದು, ಮನೆಯಲ್ಲಿ ಮೇವು ಕತ್ತರಿಸುವುದು ಹಗಲೇ ಆಗಬಹುದು.

3. ಕಂಡೆನ್ಸರಿನ ರೆಕ್ಕೆಗಳಿಗೆ ಕೂತ ಧೂಳು ತಿಂಗಳಿಗೊಮ್ಮೆ ತೆಗೆಸಿ. ಯಂತ್ರಕ್ಕೆ ಗಾಳಿ ಆಡಲಿ. ಮುಚ್ಚಳದ ರಬ್ಬರ್ ಸರಿಯಿರಲಿ. ಕಡಿಮೆ ಯೂನಿಟ್ಟಿನಲ್ಲಿ ಬೇಗ ತಂಪಾಗುತ್ತದೆ.

4. ಒಂದೇ ಟಿ.ಸಿ.ಯ ರೈತರು ಮಾತಾಡಿಕೊಂಡು ಆಟೋ ಸ್ಟಾರ್ಟರುಗಳಿಗೆ ಬೇರೆ ಬೇರೆ ತಡ ಇಟ್ಟುಕೊಳ್ಳಿ.

5. ಮನೆ ಚಾವಣಿಗೆ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಅಥವಾ ಹೆಚ್ಚಿನ ಘಟಕಕ್ಕೆ 78,000 ರೂಪಾಯಿವರೆಗೆ ಸಹಾಯಧನ ಇದೆ. ಒಂದು ವಿಷಯ ತಿಳಿದಿರಲಿ. ಬ್ಯಾಟರಿ ಇಲ್ಲದೆ ಗ್ರಿಡ್ಡಿಗೆ ಜೋಡಿಸಿದ ಘಟಕ ಕರೆಂಟ್ ಹೋದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯದಿರಲಿ ಎಂಬುದೇ ಅದಕ್ಕೆ ಕಾರಣ.

6. ಅದೇ ಕಾರಣಕ್ಕೆ ಸಂಘದ ಜನರೇಟರಿಗೆ ಚೇಂಜ್ ಓವರ್ ಸ್ವಿಚ್ ಕಡ್ಡಾಯ. ಅದಿಲ್ಲದೆ ಜನರೇಟರ್ ಹಾಕಿದರೆ ಕರೆಂಟ್ ತಿರುಗಿ ತಂತಿಗೆ ಹರಿದು ಒಬ್ಬರ ಪ್ರಾಣ ಹೋಗಬಹುದು.

7. ನಿಮ್ಮ ಪಂಪ್, ಬ್ಯಾಟರಿ, ಸೌರ ಘಟಕವನ್ನು ದೂರದಿಂದ ನಿಯಂತ್ರಿಸುತ್ತೇವೆ ಎಂದು ಯಾವುದೇ ಕಂಪನಿ ಬಂದರೆ ಸಹಿ ಮಾಡುವ ಮುನ್ನ ನಾಲ್ಕು ಪ್ರಶ್ನೆ ಕೇಳಿ. ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತು ನಿಲ್ಲಿಸುತ್ತೀರಿ? ಬೇಡ ಎನ್ನುವ ಹಕ್ಕು ನನಗಿದೆಯೇ? ಹಣ ಎಷ್ಟು, ಯಾವ ಮೀಟರಿನ ಲೆಕ್ಕ? ಯಂತ್ರ ಕೆಟ್ಟರೆ ಹೊಣೆ ಯಾರದು? ಆ ಕಾಗದವನ್ನು ಸಂಘದ ಸಭೆಯಲ್ಲಿ ಓದಿಸಿ.

ಕೊನೆಯ ಪ್ರಶ್ನೆಗಳು ಮುಖ್ಯವಾದವು. ಸಹಕಾರ ಸಂಘ ಬರುವ ಮುಂಚೆ ಹಾಲಿಗೆ ಬೆಲೆ ಕಟ್ಟುತ್ತಿದ್ದವನು ಮಧ್ಯವರ್ತಿ. ಅಳತೆಯೂ ಅವನದೇ, ಲೆಕ್ಕವೂ ಅವನದೇ. ನಾವು ಕೂಡಿ ಅಳತೆ ಮತ್ತು ಲೆಕ್ಕವನ್ನು ನಮ್ಮ ಕೈಗೆ ತೆಗೆದುಕೊಂಡ ಮೇಲೆ ಬೆಲೆ ಬಂತು. ಕರೆಂಟಿನ ವಿಷಯದಲ್ಲಿ ಆ ಕಾಲ ಈಗ ಶುರುವಾಗುತ್ತಿದೆ. ಬೇಕಾದ ಹೊತ್ತಿಗೆ ಪಂಪ್ ನಿಲ್ಲಿಸಿಕೊಟ್ಟದ್ದಕ್ಕೆ, ತಂಪು ಕೂಡಿಟ್ಟದ್ದಕ್ಕೆ, ಚಾವಣಿಯ ಯೂನಿಟ್ಟಿಗೆ ಬೆಲೆ ಬರುವ ದಿನ ದೂರವಿಲ್ಲ. ಆ ದಿನ ಒಬ್ಬೊಬ್ಬರೇ ಹೋಗಿ ಮಾತಾಡುವುದಕ್ಕಿಂತ ಸಂಘವಾಗಿ ಹೋಗಿ ಮಾತಾಡಿದರೆ ನಮ್ಮ ಮಾತಿಗೆ ತೂಕ ಇರುತ್ತದೆ. ಅದಕ್ಕೆ ಮೊದಲ ಸಿದ್ಧತೆಯಾಗಿ ಮೇಲೆ ಹೇಳಿದ ಒಂದು ತಿಂಗಳ ಲೆಕ್ಕವನ್ನು ಬರೆದಿಟ್ಟು, ಬರುವ ಆಡಳಿತ ಮಂಡಳಿ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸುವಂತೆ ಸಂಘಗಳ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳಲ್ಲಿ ವಿನಂತಿ.